ಮಗ ಟ್ಯಾಕಲ್ ಫುಟ್‌ಬಾಲ್ ಆಡ್ತೀನಿ ಅಂತಿದ್ದಾನೆ, ಬಿಡಬಹುದಾ ಡಾಕ್ಟ್ರೇ?

ಪ್ರಶ್ನೆ: ನಾವು ದಾವಣಗೆರೆಯವರು. ಟೆಕ್ಸಾಸ್‌ಗೆ ಬಂದು ಹನ್ನೊಂದು ವರ್ಷವಾಯಿತು. ಮಗನಿಗೆ 12 ದಾಟಿದೆ, ಆಗಸ್ಟ್‌ನಲ್ಲಿ ಏಳನೇ ಕ್ಲಾಸು. ಶಾಲೆಯ ಟ್ಯಾಕಲ್ ಫುಟ್‌ಬಾಲ್ (ಚೆಂಡು ಹಿಡಿದು ಓಡುವವನನ್ನು ಡಿಕ್ಕಿ ಹೊಡೆದು ಕೆಡವುವ ಅಮೆರಿಕದ ಆಟ) ಟೀಮಿಗೆ ಸೇರುತ್ತೇನೆ ಎಂದು ಹಟ ಹಿಡಿದಿದ್ದಾನೆ. "ಈಗಿನ ಹೆಲ್ಮೆಟ್ ತುಂಬಾ ಚೆನ್ನಾಗಿರುತ್ತೆ, ಸುಮ್ನೆ ಹೆದರಬೇಡ" ಎನ್ನುತ್ತಾರೆ ನಮ್ಮ ಯಜಮಾನರು. ಊರಿನಿಂದ ನಮ್ಮಪ್ಪ ಒಂದು ವಿಡಿಯೊ ಕಳಿಸಿದ್ದಾರೆ. ಈ ಆಟ ಆಡಿದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನರ ಮಿದುಳು ಕೆಡುತ್ತದೆ, ಮೈಕ್ ವೆಬ್‌ಸ್ಟರ್ ಎಂಬ ದೊಡ್ಡ ಆಟಗಾರನಿಗೂ ತಲೆ ಕೆಟ್ಟಿತ್ತು ಎಂದು ಅದರಲ್ಲಿದೆ. 2023ರಲ್ಲಿ ಡಮಾರ್ ಹ್ಯಾಮ್ಲಿನ್ ಎಂಬ ಆಟಗಾರ ಮೈದಾನದಲ್ಲೇ ಕುಸಿದಿದ್ದನ್ನು ನಾನೇ ಟಿವಿಯಲ್ಲಿ ನೋಡಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇದರಲ್ಲಿ ಯಾವುದು ನಿಜ? ಬೇಡ ಎಂದರೆ ಮಗ ಮಾತು ಬಿಡುತ್ತಾನೆ, ಹೂಂ ಎಂದರೆ ನನಗೆ ನೆಮ್ಮದಿ ಇರುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯ ಸೇರಿಕೊಂಡಿವೆ. ಮುಂದೆ ಯಾವತ್ತೋ ಮಿದುಳು ಕೆಡಬಹುದು ಎನ್ನುವುದು ಒಂದು. ಒಂದೇ ಏಟಿಗೆ ಮಗ ಮೈದಾನದಲ್ಲಿ ಬಿದ್ದುಬಿಟ್ಟರೆ ಎನ್ನುವುದು ಇನ್ನೊಂದು. ಮಗ ದೂರವಾಗುತ್ತಾನೆ ಎನ್ನುವುದು ಮೂರನೆಯದು. ಮೂರೂ ಸುಳ್ಳು ಭಯಗಳಲ್ಲ. ಆದರೆ ಒಂದೊಂದರ ತೂಕ ಬೇರೆ, ಮದ್ದೂ ಬೇರೆ.

ನಾನು ಕ್ರೀಡಾ ವೈದ್ಯ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಶುಕ್ರವಾರ ರಾತ್ರಿಗಳಲ್ಲಿ ಹೈಸ್ಕೂಲ್ ಮೈದಾನದ ಗೆರೆ ಪಕ್ಕ ನಿಂತು ಮಕ್ಕಳ ಆಟ ನೋಡುತ್ತಿದ್ದೇನೆ. ಈ ಆಟ ನನಗೆ ಇಷ್ಟ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತನ್ನು ನೀವು ಸರಿಯಾಗಿ ತೂಗಬಹುದು.

ಮೊದಲು ವೆಬ್‌ಸ್ಟರ್ ವಿಷಯ. ಅವರು ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಸೆಂಟರ್. ನಾಲ್ಕು ಸೂಪರ್ ಬೌಲ್ (ಲೀಗಿನ ಫೈನಲ್ ಪಂದ್ಯ) ಗೆದ್ದ ತಂಡದಲ್ಲಿದ್ದರು. 17 ಸೀಸನ್, 245 ಪಂದ್ಯ. ಸೆಂಟರ್‌ನ ಕೆಲಸ ಏನು ಎಂದು ಒಂದು ಸಲ ಹತ್ತಿರದಿಂದ ನೋಡಿ. ಬಗ್ಗಿ ನಿಂತು ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡಬೇಕು. ಕೊಟ್ಟ ಕ್ಷಣವೇ ಎದುರಿಗಿರುವ ನೂರಿಪ್ಪತ್ತು ಕಿಲೋ ಆಳಿಗೆ ಡಿಕ್ಕಿ ಹೊಡೆಯಬೇಕು. ಒಂದು ಪಂದ್ಯದಲ್ಲಿ ಐವತ್ತು ಅರವತ್ತು ಸಲ ಇದೇ. ಪ್ರಾಕ್ಟೀಸ್‌ನಲ್ಲಿ ಅದಕ್ಕಿಂತ ಜಾಸ್ತಿ. ಆ ಡಿಕ್ಕಿಗಳಲ್ಲಿ ಯಾವುದೂ ಟಿವಿಯಲ್ಲಿ ಎರಡನೇ ಸಲ ತೋರಿಸುವಂಥದ್ದಲ್ಲ.

ಆಟ ಬಿಟ್ಟ ಮೇಲೆ ಅವರ ನೆನಪು, ಮಾತು, ಸಿಟ್ಟು ಎಲ್ಲ ಹಿಡಿತ ತಪ್ಪಿದವು. ಹಾಲ್ ಆಫ್ ಫೇಮ್ ಸೇರಿದ್ದ ಮನುಷ್ಯ ಕೆಲವು ದಿನ ತನ್ನ ಪಿಕಪ್ ಟ್ರಕ್‌ನಲ್ಲೇ ಮಲಗಿದ್ದುಂಟು. 2002ರ ಸೆಪ್ಟೆಂಬರ್‌ನಲ್ಲಿ, 50ನೇ ವಯಸ್ಸಿಗೆ ತೀರಿಕೊಂಡರು. ಮರಣೋತ್ತರ ಪರೀಕ್ಷೆ ಮಾಡಿದವರು ಬೆನೆಟ್ ಒಮಾಲು, ನೈಜೀರಿಯಾದಿಂದ ಬಂದಿದ್ದ ಯುವ ವೈದ್ಯ. ಮಿದುಳು ಹೊರನೋಟಕ್ಕೆ ಸರಿಯಾಗೇ ಇತ್ತು. ಅಲ್ಲಿಗೇ ಕೈಬಿಡಬಹುದಿತ್ತು. ಅವರು ಬಿಡಲಿಲ್ಲ. ಅದನ್ನು ತೆಳ್ಳಗೆ ಕತ್ತರಿಸಿ ಬಣ್ಣ ಹಾಕಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಟೌ ಎಂಬ ಪ್ರೋಟೀನ್ ಗಂಟು ಗಂಟಾಗಿ ಕೂತಿತ್ತು. ಅದನ್ನು 2005ರಲ್ಲಿ ಪ್ರಕಟಿಸಿದರು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ ಸಮಿತಿಯ ವೈದ್ಯರು ಆ ಲೇಖನವನ್ನೇ ವಾಪಸ್ ತೆಗೆಯಬೇಕೆಂದು ಒತ್ತಾಯಿಸಿದರು. ಈ ಕಾಯಿಲೆಗೂ ಆಟಕ್ಕೂ ಸಂಬಂಧವಿದೆ ಎಂದು ಎನ್‌ಎಫ್‌ಎಲ್‌ನ ಹಿರಿಯ ಅಧಿಕಾರಿಯೊಬ್ಬರು ಬಹಿರಂಗವಾಗಿ ಒಪ್ಪಿಕೊಂಡಿದ್ದು 2016ರಲ್ಲಿ. ಹನ್ನೊಂದು ವರ್ಷ! ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಸಂಕಟವಾಗುತ್ತದೆ. ಆ ನಡುವೆ ಎಷ್ಟು ಮಕ್ಕಳು ಆಡಿದರು, ಎಷ್ಟು ಅಪ್ಪಅಮ್ಮಂದಿರಿಗೆ ಏನೂ ಆಗಲ್ಲ ಎಂದು ಹೇಳಲಾಯಿತು, ಅಲ್ವಾ?

ಈ ಕಾಯಿಲೆಗೆ ಸಿಟಿಇ ಎನ್ನುತ್ತಾರೆ. ಇದನ್ನು ಹುಚ್ಚು ಎನ್ನಬೇಡಿ. ಮಿದುಳಿನ ಕೋಶಗಳು ನಿಧಾನವಾಗಿ ಸಾಯುವ ಕಾಯಿಲೆ ಇದು. ಬದುಕಿರುವಾಗ ಇದನ್ನು ಖಚಿತವಾಗಿ ಕಂಡುಹಿಡಿಯುವ ಪರೀಕ್ಷೆ ಇವತ್ತಿಗೂ ಇಲ್ಲ. ಸ್ಕ್ಯಾನ್ ಮಾಡಿ ಹೇಳ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಇನ್ನು ನಿಮ್ಮ ತಂದೆಯವರು ಕಳಿಸಿದ ತೊಂಬತ್ತೊಂಬತ್ತರ ಲೆಕ್ಕ. ಅದು ಕಟ್ಟುಕತೆಯಲ್ಲ, ಅರ್ಧ ಸತ್ಯ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಮೆಕೀ ಮತ್ತು ಸಂಗಡಿಗರು 202 ಫುಟ್‌ಬಾಲ್ ಆಟಗಾರರ ಮಿದುಳನ್ನು ಪರೀಕ್ಷಿಸಿದ ವಿವರ ಪ್ರಕಟಿಸಿದರು. 177ರಲ್ಲಿ ಸಿಟಿಇ ಇತ್ತು. ಎನ್‌ಎಫ್‌ಎಲ್‌ನಲ್ಲಿ ಆಡಿದವರನ್ನೇ ತೆಗೆದುಕೊಂಡರೆ 111ರಲ್ಲಿ 110. ಆದರೆ ಆ ಮಿದುಳುಗಳು ಅಲ್ಲಿಗೆ ಬಂದಿದ್ದು ಹೇಗೆ? ಮನೆಯವರಿಗೆ ಅನುಮಾನ ಬಂದು ದಾನ ಕೊಟ್ಟವು. ಜ್ವರ ಬಂದವರೇ ಸಾಲು ನಿಂತಿರುವ ಆಸ್ಪತ್ರೆ ಬಾಗಿಲಲ್ಲಿ ಎಣಿಸಿ ಊರಿಗೆಲ್ಲ ಜ್ವರ ಎಂದ ಹಾಗೆ ಅದು. ಸಂಶೋಧಕರೇ ಈ ಮಾತನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಹಾಗೆಂದು ಆ ಅಂಕಿಯನ್ನು ತಳ್ಳಿಹಾಕುವ ಹಾಗೂ ಇಲ್ಲ. ಸಾಮಾನ್ಯ ಜನರಲ್ಲಿ ಈ ಕಾಯಿಲೆ ಅಷ್ಟು ಅಪರೂಪ.

ಅದೇ ಗುಂಪು 2019ರಲ್ಲಿ ಹೇಳಿದ ಇನ್ನೊಂದು ಮಾತು ತಾಯಿಯಾಗಿ ನಿಮಗೆ ಇದಕ್ಕಿಂತ ಮುಖ್ಯ. ಟ್ಯಾಕಲ್ ಆಡಿದ ಪ್ರತಿ ಒಂದು ವರ್ಷಕ್ಕೂ ಸಿಟಿಇ ಸಂಭವ ಸುಮಾರು ಶೇ 30ರಷ್ಟು ಏರುತ್ತಾ ಹೋಗಿತ್ತು. ಕನ್‌ಕಷನ್ (ಏಟಿಗೆ ಮಿದುಳು ಅಲುಗಾಡಿ ಸ್ವಲ್ಪ ಕಾಲ ಅದರ ಕೆಲಸ ಏರುಪೇರಾಗುವುದು) ಎಷ್ಟು ಸಲ ಆಯಿತು ಎನ್ನುವುದಕ್ಕಿಂತ, ಜೀವಮಾನದಲ್ಲಿ ತಲೆಗೆ ಬಿದ್ದ ಏಟುಗಳ ಒಟ್ಟು ಭಾರ ಹೆಚ್ಚು ಸರಿಯಾಗಿ ಕಾಯಿಲೆಯನ್ನು ಸೂಚಿಸುತ್ತದೆ ಎಂದು 2023ರ ಅಧ್ಯಯನವೂ ತೋರಿಸಿತು. ಅಂದರೆ ನಾವೆಲ್ಲ ಹೆದರುವುದು ಒಂದು ದೊಡ್ಡ ಏಟಿಗೆ. ಮಿದುಳು ಲೆಕ್ಕ ಇಡುವುದು ದಿನದಿನದ ಸಣ್ಣ ಏಟುಗಳನ್ನು.

ಇದಕ್ಕೆ ಈ ಆಟದ ಚರಿತ್ರೆಯಲ್ಲೇ ಒಂದು ಜೋಡಿ ಇದೆ. 1960ರ ನವೆಂಬರ್ 20, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. ಫಿಲಡೆಲ್ಫಿಯಾದ ಚಕ್ ಬೆಡ್ನಾರಿಕ್ ಬಡಿದ ಬಡಿತಕ್ಕೆ ಜೈಂಟ್ಸ್ ತಂಡದ ಫ್ರಾಂಕ್ ಗಿಫರ್ಡ್ ಪ್ರಜ್ಞೆ ತಪ್ಪಿ ಬಿದ್ದರು. ಬಿದ್ದವನ ಮೇಲೆ ಬೆಡ್ನಾರಿಕ್ ಮುಷ್ಟಿ ಬೀಸುತ್ತಾ ನಿಂತ ಫೋಟೊ ಅಮೆರಿಕದಲ್ಲಿ ಮನೆಮಾತು. ಗಿಫರ್ಡ್ 1961ರ ಸೀಸನ್ ಪೂರ್ತಿ ಆಡಲಿಲ್ಲ. ಆ ಏಟು ಎಲ್ಲರಿಗೂ ಕಂಡಿತು, ಅದಕ್ಕೇ ಅವರಿಗೆ ವಿಶ್ರಾಂತಿ ಸಿಕ್ಕಿತು. ವೆಬ್‌ಸ್ಟರ್ ಏಟುಗಳು ಯಾರಿಗೂ ಕಾಣಲಿಲ್ಲ, ಹಾಗಾಗಿ 17 ಸೀಸನ್ ನಡೆದವು. ಗಿಫರ್ಡ್ 84 ವರ್ಷ ಬದುಕಿದರು. 2015ರಲ್ಲಿ ತೀರಿಕೊಂಡ ಮೇಲೆ ಅವರ ಮಿದುಳಿನಲ್ಲೂ ಸಿಟಿಇ ಇತ್ತು ಎಂದು ಮನೆಯವರೇ ತಿಳಿಸಿದರು.

ಇನ್ನು ನಿಮ್ಮ ಯಜಮಾನರ ಹೆಲ್ಮೆಟ್ ಮಾತು. ಊರಿಗೆ ಬಸ್ಸಿನಲ್ಲಿ ಹೋಗುವಾಗ ಗಟ್ಟಿ ಮೊಸರು ತುಂಬಿದ ಸ್ಟೀಲ್ ಡಬ್ಬಿ ಒಯ್ದಿದ್ದೀರಾ? ಡಬ್ಬಿಗೆ ಎಷ್ಟೇ ಬಟ್ಟೆ ಸುತ್ತಿ. ಡ್ರೈವರ್ ಒಮ್ಮೆಲೆ ಬ್ರೇಕ್ ಹಾಕಿದರೆ ಡಬ್ಬಿಗೆ ಏನೂ ಆಗುವುದಿಲ್ಲ, ಒಳಗೆ ಮೊಸರು ಒಡೆದಿರುತ್ತದೆ. ತಲೆಬುರುಡೆಯೊಳಗೆ ಮಿದುಳು ಇರುವುದೂ ಹೀಗೆಯೇ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಆ ಕೆಲಸವನ್ನು ತುಂಬಾ ಚೆನ್ನಾಗಿ ಮಾಡುತ್ತದೆ. ಒಳಗಿನ ಅಲುಗಾಟವನ್ನು ಅದು ಪೂರ್ತಿ ನಿಲ್ಲಿಸಲಾರದು.

ಹೆಲ್ಮೆಟ್ ಇನ್ನೊಂದು ರೀತಿಯಲ್ಲಿ ಅಪಾಯವನ್ನೂ ತಂದಿತು. ಎನ್‌ಎಫ್‌ಎಲ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾಗಿದ್ದು 1943ರಲ್ಲಿ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಬಂತು, ಮುಖಕ್ಕೆ ಕಂಬಿ ಬಂತು. ಮೂಗು, ಹಲ್ಲು ಉಳಿಯುತ್ತವೆ ಎಂದು ಧೈರ್ಯ ಬಂದ ಕೂಡಲೇ ಆಟಗಾರರು ತಲೆಯನ್ನೇ ಮುಂದೆ ಮಾಡಿ ನುಗ್ಗತೊಡಗಿದರು. ಕೋಚ್‌ಗಳೂ ಹಾಗೇ ಕಲಿಸಿದರು. 1968ರಲ್ಲಿ ಎಲ್ಲ ಹಂತ ಸೇರಿ 36 ಆಟಗಾರರು ಆಟದ ಏಟಿನಿಂದಲೇ ಸತ್ತರು. ಹೆಚ್ಚಿನವರು ಹೈಸ್ಕೂಲ್ ಹುಡುಗರು. 1976ರಲ್ಲಿ ತಲೆಯನ್ನು ಮುಂದೆ ಮಾಡಿ ಹೊಡೆಯುವುದನ್ನು ಶಾಲೆ, ಕಾಲೇಜುಗಳಲ್ಲಿ ನಿಷೇಧಿಸಿದರು. ಹೆಲ್ಮೆಟ್ ಗುಣಮಟ್ಟಕ್ಕೆ ಪರೀಕ್ಷೆಯೂ ಬಂತು. 1990ರಲ್ಲಿ ಹಾಗೆ ಸತ್ತವರ ಸಂಖ್ಯೆ ಸೊನ್ನೆ.

ಈ ಸೊನ್ನೆಯನ್ನು ನೋಡಿದಾಗ ನನಗೆ ನಿಜವಾಗಿ ಖುಷಿಯಾಗುತ್ತದೆ. ಆಟ ಅದೇ, ಮೈದಾನ ಅದೇ, ದೊಡ್ಡವರು ನಿಯಮ ಬದಲಾಯಿಸಿದರು ಅಷ್ಟೇ. 1905ರಲ್ಲೂ ಹೀಗೇ ಆಗಿತ್ತು. ಒಂದೇ ಸೀಸನ್‌ನಲ್ಲಿ ಕನಿಷ್ಠ 18 ಜನ ಸತ್ತಿದ್ದರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ತಂಡಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಅವರ ಮಗನೇ ಹಾರ್ವರ್ಡ್‌ನಲ್ಲಿ ಆಡುತ್ತಿದ್ದ. ಮುಂದಿನ ವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಅಲ್ಲಿಯತನಕ ರಾಶಿಯಾಗಿ ನುಗ್ಗಿ ತುಳಿದಾಡುವುದೇ ಆಟವಾಗಿತ್ತು. ಇವತ್ತು ನಿಮ್ಮ ಮಗ ಕುಣಿದಾಡುವ ಉದ್ದನೆಯ ಪಾಸ್ ಹುಟ್ಟಿದ್ದು ಮಕ್ಕಳು ಸಾಯಬಾರದು ಎಂಬ ಆ ಒತ್ತಾಯದಿಂದ. ಅವನಿಗೆ ಈ ಕತೆ ಹೇಳಿ, ಇಷ್ಟಪಡುತ್ತಾನೆ.

ಈಗ ಹ್ಯಾಮ್ಲಿನ್. 2023ರ ಜನವರಿ 2, ಸಿನ್ಸಿನಾಟಿ. 24 ವರ್ಷದ ಹುಡುಗ ಟ್ಯಾಕಲ್ ಮಾಡಿ ಎದ್ದು ನಿಂತು, ಎರಡು ಹೆಜ್ಜೆ ಇಟ್ಟು ಹಿಂದಕ್ಕೆ ಬಿದ್ದ. ಎದೆಗೆ ಬಿದ್ದ ಪೆಟ್ಟು ಹೃದಯ ಬಡಿತದ ಒಂದು ಸೂಕ್ಷ್ಮ ಗಳಿಗೆಗೆ ಸರಿಯಾಗಿ ತಾಗಿದರೆ ಬಡಿತದ ಲಯವೇ ತಪ್ಪುತ್ತದೆ. ಇದು ಬಹಳ ಅಪರೂಪ. ಬೇಸ್‌ಬಾಲ್ ಚೆಂಡು ಎದೆಗೆ ಬಿದ್ದೂ ಹೀಗಾಗುತ್ತದೆ, ಹದಿಹರೆಯದ ಹುಡುಗರಲ್ಲೇ ಜಾಸ್ತಿ. ಆದ್ದರಿಂದ ಫುಟ್‌ಬಾಲ್ ಬಿಡಿಸಿ ಬೇಸ್‌ಬಾಲ್‌ಗೆ ಹಾಕಿದರೆ ಈ ಭಯ ತಪ್ಪುವುದಿಲ್ಲ. ತಂಡದ ಸಹಾಯಕ ಟ್ರೈನರ್ (ಆಟಗಾರರ ಗಾಯ ನೋಡಿಕೊಳ್ಳುವವರು) ಡೆನ್ನಿ ಕೆಲಿಂಗ್ಟನ್ ತಕ್ಷಣ ಎದೆ ಒತ್ತಲು ಶುರುಮಾಡಿದರು, ಶಾಕ್ ಕೊಡುವ ಎಇಡಿ ಯಂತ್ರ ಕೈಗೆಟುಕುವಲ್ಲಿತ್ತು. ಒಂಬತ್ತು ದಿನಕ್ಕೆ ಹ್ಯಾಮ್ಲಿನ್ ಆಸ್ಪತ್ರೆಯಿಂದ ಹೊರಬಂದ. ಅದೇ ವರ್ಷ ಮತ್ತೆ ಮೈದಾನಕ್ಕಿಳಿದ. ನಿಮ್ಮ ನಿದ್ದೆಗೆಡಿಸಿದ ಆ ದೃಶ್ಯದಲ್ಲಿ ನಾನು ನೋಡಿದ್ದು ಆ ಟ್ರೈನರ್ ಕೈಗಳನ್ನು.

ನೀವು ಕೇಳದ ಒಂದು ಅಪಾಯವನ್ನು ನಾನೇ ಹೇಳಬೇಕು. ಟೆಕ್ಸಾಸ್‌ನ ಆಗಸ್ಟ್ ಬಿಸಿಲು. ಮಿನೆಸೋಟ ತಂಡದ ಕೋರಿ ಸ್ಟ್ರಿಂಗರ್ 2001ರಲ್ಲಿ ಪ್ರಾಕ್ಟೀಸ್ ಮುಗಿಸಿ ಕುಸಿದು ಮಾರನೇ ದಿನ, ಆಗಸ್ಟ್ 1ಕ್ಕೆ ತೀರಿಕೊಂಡರು. 27 ವರ್ಷ. ಯಾರೂ ಹೊಡೆದಿರಲಿಲ್ಲ. ಶಾಖದ ಹೊಡೆತ, ಅಷ್ಟೇ. ಪ್ಯಾಡು, ಹೆಲ್ಮೆಟ್ ಹಾಕಿದ ಮೈಯಿಂದ ಬಿಸಿ ಹೊರಗೆ ಹೋಗುವುದಿಲ್ಲ. ಮೊದಲೆರಡು ವಾರ ಮೈ ಒಗ್ಗಿರುವುದಿಲ್ಲ. ಹೀಗೆ ಕುಸಿದವನನ್ನು ಅಲ್ಲೇ ಐಸ್ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಣ್ಣಗಾಗಿಸಬೇಕು, ಆಮೇಲೆ ಆಂಬ್ಯುಲೆನ್ಸ್. ಅರ್ಧ ಗಂಟೆಯೊಳಗೆ ಮೈ ತಣ್ಣಗಾದರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ನಾನು ಕೆಲಸ ಮಾಡಿದ ಒಂದು ಮೈದಾನದಲ್ಲಿ ತೊಟ್ಟಿ ಇತ್ತು, ಒಳಗೆ ಹಳೆಯ ಕೋನ್‌ಗಳನ್ನು ಪೇರಿಸಿಟ್ಟಿದ್ದರು. ಅವತ್ತು ನಾನು ಪ್ರಾಕ್ಟೀಸ್ ನಿಲ್ಲಿಸಿದೆ.

ಕನ್‌ಕಷನ್ ಬಗ್ಗೆ ನಮ್ಮವರಲ್ಲಿ ಎರಡು ತಪ್ಪು ತಿಳಿವಳಿಕೆ ಇದೆ. ಒಂದು, ಪ್ರಜ್ಞೆ ತಪ್ಪಿದರೆ ಮಾತ್ರ ಕನ್‌ಕಷನ್ ಎನ್ನುವುದು. ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಒಮ್ಮೆ ಒಬ್ಬ ಹುಡುಗ ಎದ್ದು ಮೈ ಕೊಡವಿಕೊಂಡು, ಸೀದಾ ಎದುರು ತಂಡದ ಬೆಂಚಿಗೆ ಹೋಗಿ ಕೂತ. ಕರೆತಂದು ತಿಂಗಳುಗಳನ್ನು ಹಿಂದಿನಿಂದ ಹೇಳು ಎಂದೆ. ಡಿಸೆಂಬರ್, ನವೆಂಬರ್ ಎಂದು ನಿಂತು ನನ್ನ ಮುಖವನ್ನೇ ನೋಡಿದ. "ಐ ಆಮ್ ಗುಡ್, ಡಾಕ್" ಎಂದ. ಅವನ ಹೆಲ್ಮೆಟ್ ಕಿತ್ತು ನನ್ನ ಕಂಕುಳಲ್ಲಿ ಇಟ್ಟುಕೊಂಡೆ. ಕೈಯಲ್ಲಿ ಹೆಲ್ಮೆಟ್ ಇದ್ದರೆ ಇವರು ಓಡಿಹೋಗುತ್ತಾರೆ. ಎರಡನೆಯದು, ಏಟು ಬಿದ್ದವರನ್ನು ಮಲಗಲು ಬಿಡಬಾರದು ಎನ್ನುವುದು. ವೈದ್ಯರು ನೋಡಿ, ಅಪಾಯದ ಲಕ್ಷಣವಿಲ್ಲ ಎಂದ ಮೇಲೆ ನಿದ್ದೆ ಒಳ್ಳೆಯದೇ. ತಲೆನೋವು ಏರುತ್ತಾ ಹೋಗುವುದು, ಪದೇ ಪದೇ ವಾಂತಿ, ಮಾತು ತೊದಲುವುದು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಎಮರ್ಜೆನ್ಸಿಗೆ ಹೋಗಿ.

ಅದೇ ದಿನ ಮತ್ತೆ ಆಡಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ವಾಷಿಂಗ್ಟನ್ ರಾಜ್ಯದ ಝ್ಯಾಕರಿ ಲಿಸ್ಟೆಡ್‌ಗೆ 2006ರಲ್ಲಿ 13 ವರ್ಷ. ಮೊದಲರ್ಧದಲ್ಲಿ ತಲೆಗೆ ಏಟು ಬಿತ್ತು. ಆಮೇಲೆ ಮತ್ತೆ ಆಡಲು ಇಳಿದ. ಪಂದ್ಯ ಮುಗಿಯುತ್ತಲೇ ಕುಸಿದ, ಮಿದುಳಿನಲ್ಲಿ ರಕ್ತಸ್ರಾವ. ಬದುಕಿದ, ಆದರೆ ಮಾತು, ನಡಿಗೆ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು. 2009ರಲ್ಲಿ ಆ ರಾಜ್ಯ ಅವನ ಹೆಸರಿನಲ್ಲೇ ಕಾನೂನು ತಂದಿತು. ಕನ್‌ಕಷನ್ ಅನುಮಾನ ಬಂದರೆ ಹೊರಗೆ ಕೂರಿಸಬೇಕು, ವೈದ್ಯಕೀಯ ಒಪ್ಪಿಗೆ ಇಲ್ಲದೆ ಮತ್ತೆ ಇಳಿಸಬಾರದು. ಐದೇ ವರ್ಷದಲ್ಲಿ ಐವತ್ತೂ ರಾಜ್ಯಗಳಲ್ಲಿ ಇಂಥ ಕಾನೂನು ಬಂತು. ನಿಮ್ಮ ಟೆಕ್ಸಾಸ್‌ನಲ್ಲೂ ಇದೆ.

ಈಗ ನಿಮ್ಮ ಮನೆಯ ಮಾತು. ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ನೇರವಾಗಿ ಹೇಳುತ್ತೇನೆ. ಏಳು, ಎಂಟನೇ ಕ್ಲಾಸಿನಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಆಡಿಸುತ್ತಿದ್ದೆ. ಸೊಂಟದ ಪಟ್ಟಿ ಕಿತ್ತರೆ ಟ್ಯಾಕಲ್ ಆದ ಹಾಗೆ, ಬೀಳಿಸುವುದಿಲ್ಲ. ಪಾಸ್, ಓಟ, ಲೆಕ್ಕಾಚಾರ ಎಲ್ಲ ಇದೆ. 6ರಿಂದ 14 ವರ್ಷದ ಮಕ್ಕಳ ಮೇಲೆ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಟ್ಯಾಕಲ್ ಆಡುವ ಮಗುವಿನ ತಲೆಗೆ ಒಂದು ಸೀಸನ್‌ನಲ್ಲಿ ಬಿದ್ದ ಏಟು ಸುಮಾರು 378. ಫ್ಲ್ಯಾಗ್ ಆಡುವವರಿಗೆ 8. ಈ ಎರಡು ಅಂಕಿಗಳನ್ನು ನಿಮ್ಮ ಯಜಮಾನರಿಗೆ ತೋರಿಸಿ. ಒಟ್ಟು ಭಾರವೇ ಮುಖ್ಯ ಎಂದ ಮೇಲೆ, ಎರಡು ವರ್ಷ ಉಳಿಸುವುದು ಸಣ್ಣ ಮಾತಲ್ಲ. "ಫ್ಲ್ಯಾಗ್ ಮಕ್ಕಳಾಟ" ಎಂದು ಮಗ ಮುಖ ಗಂಟಿಕ್ಕಬಹುದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅದು ಇದೆ ಎನ್ನಿ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2023ರ ಅಕ್ಟೋಬರ್‌ನಲ್ಲಿ, ನಮ್ಮ ಮುಂಬೈನಲ್ಲಿ ನಡೆದ ಸಭೆಯಲ್ಲಿ. ಕ್ರಿಕೆಟ್‌ಗೂ ಅದೇ ಸಭೆಯಲ್ಲೇ ಒಪ್ಪಿಗೆ ಸಿಕ್ಕಿತು. ಇದರಲ್ಲಿ ನಷ್ಟವೂ ಇದೆ. ಶಾಲೆಯ ಗೆಳೆಯರ ಟೀಮಿನಿಂದ ಹೊರಗುಳಿಯುತ್ತಾನೆ. ಒಂಬತ್ತನೇ ಕ್ಲಾಸಿಗೆ ಟ್ಯಾಕಲ್‌ಗೆ ಹೋದರೆ ಮೊದಲ ಕೆಲವು ತಿಂಗಳು ಬೀಳುವುದು, ಹಿಡಿಯುವುದು ಹೊಸದಾಗಿ ಕಲಿಯಬೇಕು, ಅಷ್ಟರಲ್ಲಿ ಎದುರಿನವರು ದಪ್ಪಗಾಗಿರುತ್ತಾರೆ.

ಪೂರ್ತಿ ಬೇಡ ಎನ್ನುವ ಹಕ್ಕು ನಿಮಗಿದೆ. ಹಾಗೆ ಮಾಡಿದರೆ ಬದಲಿಗೆ ಏನು ಎಂದೂ ನೀವೇ ಹುಡುಕಿ ಕೊಡಬೇಕು. ಸುಮ್ಮನೆ ಮನೆಯಲ್ಲಿ ಕೂತು ಫೋನ್ ನೋಡುವ ಹುಡುಗನ ಆರೋಗ್ಯದ ಚಿಂತೆಯೂ ಸಣ್ಣದಲ್ಲ.

ಈಗಲೇ ಟ್ಯಾಕಲ್ ಎಂದು ಮನೆಯಲ್ಲಿ ತೀರ್ಮಾನವಾದರೆ, ಅದೇನೂ ಅಪರಾಧವಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2015ರಲ್ಲಿ ನಿಷೇಧಿಸಿ ಎನ್ನಲಿಲ್ಲ. ಲಾಭ, ಅಪಾಯ ತೂಗಿ ನೋಡಿ, ಸರಿಯಾಗಿ ಕಲಿಸಿ, ಟ್ರೈನರ್ ಇರಲಿ ಎಂದಿತು. ಆಗ ನೀವು ಕೋಚ್‌ನನ್ನು ಕೇಳಬೇಕಾದ್ದು ಮಂಗಳವಾರ, ಬುಧವಾರದ ಪ್ರಾಕ್ಟೀಸ್ ಬಗ್ಗೆ. ಪಂದ್ಯ ವಾರಕ್ಕೊಂದು, ಪ್ರಾಕ್ಟೀಸ್ ದಿನಾ. ಟೆಕ್ಸಾಸ್‌ನ ಶಾಲಾ ಕ್ರೀಡಾ ಸಂಸ್ಥೆ ಯುಐಎಲ್ 2013ರಲ್ಲೇ ಸೀಸನ್ ವೇಳೆ ಪೂರ್ತಿ ಡಿಕ್ಕಿಯ ಪ್ರಾಕ್ಟೀಸ್‌ಗೆ ವಾರಕ್ಕೆ 90 ನಿಮಿಷದ ಮಿತಿ ಹಾಕಿದೆ. ಅದನ್ನು ಯಾರು ಲೆಕ್ಕ ಇಡುತ್ತಾರೆ ಎಂದು ಕೇಳಿ. "ಡಿಕ್ಕಿ ಹೊಡೆಯದೆ ಹುಡುಗರು ಗಟ್ಟಿಯಾಗಲ್ಲ" ಎಂದರೆ, ಡಾರ್ಟ್‌ಮತ್ ಕಾಲೇಜಿನ ಕೋಚ್ ಬಡ್ಡಿ ಟೀವೆನ್ಸ್ ಹೆಸರು ಹೇಳಿ. ಅವರು 2010ರಲ್ಲಿ ಪ್ರಾಕ್ಟೀಸ್‌ನಲ್ಲಿ ಹುಡುಗರು ಒಬ್ಬರನ್ನೊಬ್ಬರು ಟ್ಯಾಕಲ್ ಮಾಡುವುದನ್ನೇ ನಿಲ್ಲಿಸಿದರು. ಓಡಾಡುವ ಯಂತ್ರದ ಗೊಂಬೆಯನ್ನು ಟ್ಯಾಕಲ್ ಮಾಡಿಸಿದರು. 2015ರಲ್ಲಿ ಅದೇ ತಂಡ ಐವಿ ಲೀಗ್ (ಹಾರ್ವರ್ಡ್, ಯೇಲ್‌ನಂಥ ಹಳೆಯ ವಿಶ್ವವಿದ್ಯಾಲಯಗಳ ಕೂಟ) ಪ್ರಶಸ್ತಿ ಹಂಚಿಕೊಂಡಿತು. ಮರುವರ್ಷ ಐವಿ ಲೀಗ್ ಪೂರ್ತಿ ಸೀಸನ್ ವೇಳೆಯ ಪ್ರಾಕ್ಟೀಸ್‌ನಲ್ಲಿ ಟ್ಯಾಕಲ್ ನಿಲ್ಲಿಸಿತು.

ಮಗನ ಜತೆಗೂ ಒಂದು ಒಪ್ಪಂದ ಮಾಡಿಕೊಳ್ಳಿ. ತಲೆ ತಿರುಗಿದರೆ, ಮಂಜು ಕವಿದ ಹಾಗಾದರೆ ಅವನೇ ಹೇಳಬೇಕು. ಹೇಳಿದ್ದಕ್ಕೆ ಆಟ ಬಿಡಿಸುವುದಿಲ್ಲ ಎಂದು ನೀವು ಮಾತು ಕೊಡಬೇಕು, ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಮುಚ್ಚಿಡುವ ಮಕ್ಕಳೆಲ್ಲ ಅಪ್ಪಅಮ್ಮನಿಗೆ ಹೆದರಿ ಮುಚ್ಚಿಡುವವರೇ, ನಾನು ಕಂಡಂತೆ.

ಫಾರಂಗೆ ಸಹಿ ಹಾಕುವ ಮುಂಚೆ ಒಂದು ಸಂಜೆ ಹಿರಿಯ ಹುಡುಗರ ಪ್ರಾಕ್ಟೀಸ್‌ಗೆ ನೀವಿಬ್ಬರೂ ಹೋಗಿ. ಎಇಡಿ ಎಲ್ಲಿದೆ ಎಂದು ಕೇಳಿ, ಬೀಗದೊಳಗಿದ್ದರೆ ಬೀಗದ ಕೈ ಯಾರ ಹತ್ತಿರ ಎಂದು ಕೇಳಿ. ತೊಟ್ಟಿಯಲ್ಲಿ ನೀರಿದೆಯಾ ನೋಡಿ. ಆಮೇಲೆ ಮೇಲೆ ಬೆಂಚಿನಲ್ಲಿ ಕೂತು ಒಬ್ಬನೇ ಹುಡುಗನನ್ನು ಆರಿಸಿಕೊಳ್ಳಿ, ಮಧ್ಯದ ಸೆಂಟರ್ ಆದರೆ ಒಳ್ಳೆಯದು. ಒಂದು ಗಂಟೆಯಲ್ಲಿ ಅವನ ತಲೆ ಎಷ್ಟು ಸಲ ಇನ್ನೊಂದಕ್ಕೆ ತಾಗಿತು ಎಂದು ನೀವೊಂದು ಕಡೆ, ನಿಮ್ಮ ಯಜಮಾನರು ಇನ್ನೊಂದು ಕಡೆ ಚೀಟಿಯಲ್ಲಿ ಗೆರೆ ಎಳೆಯುತ್ತಾ ಹೋಗಿ. ಮನೆಗೆ ಬಂದು ಎರಡೂ ಚೀಟಿಯನ್ನು ಮಗನ ಮುಂದೆ ಇಟ್ಟು ಮಾತಿಗೆ ಕೂರಿ.